ಹಲವು ದನಿಗಳಿಗೆ ಒಂದು ಹಳೆಯ ಯಂತ್ರ

ಮೈಸೂರಿನಲ್ಲಿ ಬಾನುಲಿ ಹುಟ್ಟಿದ್ದು ಒಂದು ಮನೆಯಲ್ಲಿ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ನಿವಾಸದಲ್ಲಿಯೇ ಒಂದು ಸಣ್ಣ ಪ್ರಸಾರಯಂತ್ರವನ್ನು ಇರಿಸಿಕೊಂಡು ಪ್ರಸಾರವನ್ನು ಆರಂಭಿಸಿದರು. ದೊಡ್ಡ ಸಂಸ್ಥೆಗಳೂ ಸರಕಾರಗಳೂ ಮಾಡಬೇಕಾದ ಕೆಲಸವೆಂದು ಲೋಕವು ಎಣಿಸಿದ್ದನ್ನು ಮನೆಯ ಒಂದು ಕೋಣೆಯಲ್ಲಿ ಮಾಡಿ ತೋರಿಸಿದ ಸಾಹಸಿಗಳಲ್ಲಿ ಅವರೂ ಒಬ್ಬರು. ಧ್ವನಿಮುದ್ರಣದ ಚರಿತ್ರೆಯಲ್ಲಿಯೂ ಇಂಥ ಕೋಣೆಗಳು ಹಲವಿವೆ. ಹಲವು ದನಿಗಳನ್ನು ಬೇರೆಬೇರೆಯಾಗಿ ಹಿಡಿದು ಒಂದಾಗಿ ಹೆಣೆಯುವ ಕಲೆ ಮನೆಯೊಳಕ್ಕೆ ಹೇಗೆ ಬಂದಿತು, ಆ ಕೆಲಸಕ್ಕೆ ಹಳೆಯ ಗಣಕಯಂತ್ರಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದು ನಮ್ಮ ಇಂದಿನ ವಿಷಯ.

ಈ ವಿಚಾರಕ್ಕೆ ನನ್ನನ್ನು ತೊಡಗಿಸಿದವನು ನನಗೆ ಪರಿಚಿತನಾದ ಒಬ್ಬ ತರುಣ ಗಾಯಕ. ಅವನು ಸುಗಮ ಸಂಗೀತವನ್ನು ಅಭ್ಯಾಸ ಮಾಡಿದವನು. ಊರಿನ ಒಂದು ಸಣ್ಣ ಧ್ವನಿಮುದ್ರಣಾಲಯವು ಮುಚ್ಚಿಹೋಗಿ, ಅದರ ಸಾಮಾನುಗಳನ್ನೆಲ್ಲ ಅಗ್ಗದ ಬೆಲೆಗೆ ಕೊಡುತ್ತಿದ್ದರಂತೆ. ಅವುಗಳಲ್ಲಿ ಎರಡು ಹಳೆಯ ಗಣಕಗಳಿದ್ದವು. ಒಂದು, 1999ರ ಆರಂಭದಲ್ಲಿ ಹೊರಬಂದ ನೀಲಿ ಬಿಳಿ ಬಣ್ಣದ ಪವರ್ ಮ್ಯಾಕಿಂಟಾಷ್ ಜಿ3. ಇನ್ನೊಂದು, ಅದೇ ಕಾಲದ ಪೆಂಟಿಯಂ 3 ಯಂತ್ರ. ಎರಡನ್ನೂ ಕೊಳ್ಳುವ ಶಕ್ತಿ ಅವನಿಗಿರಲಿಲ್ಲ, ಇರಿಸಿಕೊಳ್ಳುವ ಸ್ಥಳವೂ ಅವನ ಮನೆಯಲ್ಲಿರಲಿಲ್ಲ. “ಮೇಷ್ಟ್ರೇ, ಯಾವುದನ್ನು ತರಲಿ?” ಎಂದು ಕೇಳಿದ. ನಾನು ಕೂಡಲೇ ಉತ್ತರ ಹೇಳಲಿಲ್ಲ. ಯಂತ್ರದ ವೇಗವೆಷ್ಟು ಎಂದು ಕೇಳುವುದಕ್ಕಿಂತ ಮೊದಲು, ಅದು ನಮಗೆ ಯಾವ ಕೆಲಸವನ್ನು ಮಾಡಿಕೊಡಬೇಕು ಎಂದು ಕೇಳಿಕೊಳ್ಳುವುದು ಮೇಲು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಗಾಯಕ, ಪಿಟೀಲು, ತಬಲ, ತಂಬೂರಿ ಎಲ್ಲವೂ ಒಂದೇ ಮೈಕಿನ ಮುಂದೆ ಕೂಡಿದರೆ, ಅವರ ನಾದವೆಲ್ಲ ಬೆರೆತು ಒಂದೇ ಧಾರೆಯಾಗಿ ಟೇಪಿನ ಮೇಲೆ ಬೀಳುತ್ತದೆ. ಆಮೇಲೆ ತಬಲವನ್ನು ತಗ್ಗಿಸಬೇಕೆಂದರೆ ಹಾಡೂ ತಗ್ಗುತ್ತದೆ. ಇದಕ್ಕೆ ಬದಲಾಗಿ, ಒಂದೊಂದು ದನಿಗೂ ಟೇಪಿನ ಅಗಲದಲ್ಲಿ ಒಂದೊಂದು ಪ್ರತ್ಯೇಕ ಪಟ್ಟೆಯನ್ನು ಕೊಟ್ಟರೆ, ಮಗ್ಗದ ಹಾಸಿನ ಎಳೆಗಳಂತೆ ಅವು ಒಂದರ ಪಕ್ಕದಲ್ಲೊಂದು ಓಡುತ್ತವೆ. ಒಂದನ್ನು ತಿದ್ದಿದರೆ ಮತ್ತೊಂದು ಕೆಡುವುದಿಲ್ಲ. ಈ ಪಟ್ಟೆಗೆ ಟ್ರ್ಯಾಕ್ ಎಂದು ಹೆಸರು. ಈ ಪದ್ಧತಿಗೆ ಮಲ್ಟಿಟ್ರ್ಯಾಕ್ ಮುದ್ರಣವೆಂದು ಹೆಸರು.

ಇದನ್ನು ಮನೆಯಲ್ಲಿ ಸಾಧಿಸಿದವರಲ್ಲಿ ಮೊದಲು ನೆನೆಯಬೇಕಾದವನು ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್. 1948ರಲ್ಲಿ ಅವನ ‘ಲವರ್’ ಎಂಬ ಮುದ್ರಿಕೆ ಹೊರಬಂದಿತು. ಅದರಲ್ಲಿ ಎಂಟು ಗಿಟಾರುಗಳು ಕೇಳಿಸುತ್ತವೆ. ಎಂಟನ್ನೂ ನುಡಿಸಿದವನು ಅವನೊಬ್ಬನೇ. ಹಾಲಿವುಡ್ಡಿನ ತನ್ನ ಮನೆಯ ಮೋಟಾರು ಕೊಟ್ಟಿಗೆಯಲ್ಲಿ ಒಂದು ತಟ್ಟೆಯನ್ನು ನುಡಿಸಲು ಬಿಟ್ಟು, ಅದರ ಜೊತೆಗೆ ತಾನು ನುಡಿಸಿ, ಎರಡನ್ನೂ ಮತ್ತೊಂದು ತಟ್ಟೆಗೆ ಇಳಿಸುವುದು ಅವನ ಕ್ರಮ. 1949ರಲ್ಲಿ ಗಾಯಕ ಬಿಂಗ್ ಕ್ರಾಸ್ಬಿ ಅವನಿಗೆ ಆಂಪೆಕ್ಸ್ ಕಂಪೆನಿಯ ಟೇಪು ಯಂತ್ರವೊಂದನ್ನು ಉಡುಗೊರೆಯಾಗಿ ಕೊಟ್ಟ. ಲೆಸ್ ಪಾಲ್ ಅದಕ್ಕೆ ಇನ್ನೊಂದು ಹೆಡ್ ಸೇರಿಸಿ, ಹಿಂದಿನ ದನಿಯ ಮೇಲೆ ಹೊಸ ದನಿಯನ್ನು ಹೊರಿಸುತ್ತ ಹೋದ. ಮಡದಿ ಮೇರಿ ಫೋರ್ಡಳೊಡನೆ 1951ರಲ್ಲಿ ಹೊರತಂದ ‘ಹೌ ಹೈ ದ ಮೂನ್’ ಈ ಬಗೆಯ ಹೆಣಿಗೆಯಿಂದಲೇ ಜನಪ್ರಿಯವಾಯಿತು.

ಆದರೆ ಈ ಕ್ರಮದಲ್ಲಿ ಒಂದು ಕಠಿಣವಾದ ನಿಯಮವಿತ್ತು. ಹೊಸ ಪದರವನ್ನು ಬರೆಯುವಾಗ ಹಳೆಯದು ಅಳಿದು, ಎರಡೂ ಬೆರೆತ ಪ್ರತಿಯಷ್ಟೇ ಉಳಿಯುತ್ತಿತ್ತು. ಏಳನೆಯ ಪದರದಲ್ಲಿ ಬೆರಳು ತಪ್ಪಿದರೆ ಮೊದಲ ಆರೂ ಹಾಳು. ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. ಯಂತ್ರವು ಕಲಾವಿದನಿಂದ ಎಲ್ಲವನ್ನೂ ಪಡೆದುಕೊಳ್ಳುತ್ತಿತ್ತು. ಬಿಡಿಬಿಡಿಯಾಗಿ ಏನನ್ನೂ ಹಿಂದಿರುಗಿಸುತ್ತಿರಲಿಲ್ಲ.

ಎಂಟು ಪಟ್ಟೆಗಳನ್ನು ಬೇರೆಯಾಗಿಯೇ ಇರಿಸುವ ಯಂತ್ರವನ್ನು ಆಂಪೆಕ್ಸ್ ಕಂಪೆನಿಯು 1957ರಲ್ಲಿ ಅವನ ಮನೆಗೆ ತಲುಪಿಸಿತು. ಅದರ ಬೆಲೆ ಸುಮಾರು 10,000 ಡಾಲರು. ಅದರ ಹಿರಿಮೆ ಪಟ್ಟೆಗಳ ಸಂಖ್ಯೆಯಲ್ಲಿ ಮಾತ್ರ ಇರಲಿಲ್ಲ. ಟೇಪು ಯಂತ್ರದಲ್ಲಿ ಬರೆಯುವ ಹೆಡ್ ಒಂದು ಕಡೆ, ಓದುವ ಹೆಡ್ ಸ್ವಲ್ಪ ಮುಂದೆ ಇನ್ನೊಂದು ಕಡೆ ಇರುತ್ತವೆ. ಇವುಗಳ ನಡುವೆ ಒಂದೂವರೆ ಅಂಗುಲದ ಅಂತರವಿದೆ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 15 ಅಂಗುಲ ಓಡುವ ಟೇಪಿನಲ್ಲಿ ಅದು ಸೆಕೆಂಡಿನ ಹತ್ತನೆಯ ಒಂದು ಪಾಲಿಗೆ ಸಮ. ಹಳೆಯ ಪಟ್ಟೆಯನ್ನು ಕೇಳುತ್ತ ಹೊಸದನ್ನು ನುಡಿಸಿದರೆ, ಅದು ಹಳೆಯದಕ್ಕಿಂತ ಅಷ್ಟು ಹಿಂದೆ ಬೀಳುತ್ತದೆ, ತಾಳ ಕೆಡುತ್ತದೆ. ಬರೆಯುವ ಹೆಡ್ಡಿನಿಂದಲೇ ಹಳೆಯ ಪಟ್ಟೆಗಳನ್ನು ಓದಿಸಿ ಕಲಾವಿದನಿಗೆ ಕೇಳಿಸುವ ಉಪಾಯವನ್ನು ಆಂಪೆಕ್ಸ್ ಕಂಪೆನಿಯವರು ಕಂಡುಹಿಡಿದರು. ಹಳತು ಹೊಸತುಗಳ ನಡುವಣ ಕಾಲದ ಅಂತರವು ಇಲ್ಲವಾಯಿತು.

ಹೀಗೆ ಮಲ್ಟಿಟ್ರ್ಯಾಕ್ ಮುದ್ರಣದ ಬಾಲ್ಯದಲ್ಲಿಯೇ ಎರಡು ಪರೀಕ್ಷೆಗಳು ಹುಟ್ಟಿಕೊಂಡವು. ಯಂತ್ರವು ಕಾಲವನ್ನು ಕಾಪಾಡುತ್ತದೆಯೇ? ಪಡೆದುಕೊಂಡದ್ದನ್ನು ಬಿಡಿಬಿಡಿಯಾಗಿ ಹಿಂದಿರುಗಿಸುತ್ತದೆಯೇ? ಮುಂದೆ ಬಂದ ಎಲ್ಲ ಯಂತ್ರಗಳನ್ನೂ ಈ ಎರಡರಿಂದಲೇ ತೂಗಿ ನೋಡಬಹುದು.

ಬಹಳ ಕಾಲದವರೆಗೆ ಇಂಥ ಯಂತ್ರಗಳು ಶ್ರೀಮಂತ ಧ್ವನಿಮುದ್ರಣಾಲಯಗಳ ಸೊತ್ತಾಗಿದ್ದವು. ಲಂಡನ್ನಿನ ಆಬಿ ರಸ್ತೆಯ ಪ್ರಸಿದ್ಧ ಮುದ್ರಣಾಲಯದಲ್ಲಿ ಕೂಡ ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪರ್ಸ್’ ಸಿದ್ಧವಾದದ್ದು ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲಿ. 1979ರಲ್ಲಿ ಜಪಾನಿನ ಟಿಯಾಕ್ ಕಂಪೆನಿಯು ಅದೇ ನಾಲ್ಕು ಟ್ರ್ಯಾಕುಗಳನ್ನು ಸಾಮಾನ್ಯ ಧ್ವನಿಸುರುಳಿಗೆ ಅಳವಡಿಸಿ, ‘ಪೋರ್ಟಾಸ್ಟುಡಿಯೊ 144’ ಎಂಬ ಯಂತ್ರವನ್ನು ಹೊರತಂದಿತು. ಅದು ಸುರುಳಿಯನ್ನು ಎರಡರಷ್ಟು ವೇಗದಲ್ಲಿ, ಒಂದೇ ದಿಕ್ಕಿನಲ್ಲಿ ಓಡಿಸುತ್ತಿತ್ತು. ಆದುದರಿಂದ 60 ನಿಮಿಷದ ಸುರುಳಿಯಲ್ಲಿ 15 ನಿಮಿಷದ ಮುದ್ರಣ ಮಾತ್ರ ಸಾಧ್ಯ. ಆದರೂ ಅದು ಮೇಜಿನ ಮೇಲೆ ಕೂರುವ ಯಂತ್ರ. 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಮನೆಯೊಂದರ ಮಲಗುವ ಕೋಣೆಯಲ್ಲಿ ಇಂಥದೇ ಯಂತ್ರವನ್ನಿಟ್ಟುಕೊಂಡು, ತನ್ನ ವಾದ್ಯವೃಂದಕ್ಕೆ ಮಾದರಿಯಾಗಲೆಂದು ಕೆಲವು ಹಾಡುಗಳನ್ನು ಹಾಡಿಟ್ಟ. ವೃಂದದೊಡನೆ ಮತ್ತೆ ಹಾಡಿ ನೋಡಿದಾಗ ಮಾದರಿಯಲ್ಲಿದ್ದ ಜೀವ ಅದರಲ್ಲಿರಲಿಲ್ಲ. ಕಡೆಗೆ ಆ ಧ್ವನಿಸುರುಳಿಯೇ ಅದೇ ವರ್ಷ ‘ನೆಬ್ರಾಸ್ಕ’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಮನೆಯಲ್ಲಿ ಮಾಡಿದ್ದು ಕಚ್ಚಾ ಕೆಲಸ ಎಂಬ ಅಸಡ್ಡೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಗಣಕಯಂತ್ರವು ಸಂಗೀತಗಾರನ ಮನೆಗೆ ಬಂದದ್ದು ಇನ್ನೊಂದು ಬಾಗಿಲಿನಿಂದ. 1983ರಲ್ಲಿ ಮಿಡಿ ಎಂಬ ಒಡಂಬಡಿಕೆ ಬಳಕೆಗೆ ಬಂದಿತು. ಬೇರೆಬೇರೆ ಕಂಪೆನಿಗಳ ವಿದ್ಯುದ್ವಾದ್ಯಗಳು ಪರಸ್ಪರ ಮಾತನಾಡಿಕೊಳ್ಳಲು ಒಪ್ಪಿಕೊಂಡ ಭಾಷೆ ಅದು. ಮಿಡಿ ನಾದವಲ್ಲ, ಸ್ವರಲಿಪಿ. ಯಾವ ಕೀಲಿಯನ್ನು, ಯಾವಾಗ, ಎಷ್ಟು ಒತ್ತಿನಿಂದ ಒತ್ತಬೇಕೆಂಬ ಆಜ್ಞೆಗಳಷ್ಟೇ ಅದರಲ್ಲಿರುತ್ತವೆ. 1985ರಲ್ಲಿ ಬಂದ ಅಟಾರಿ 520 ಎಸ್‌ಟಿ ಗಣಕಕ್ಕೆ ಮಿಡಿ ತಂತಿಗಳನ್ನು ಸಿಕ್ಕಿಸುವ ತೂತುಗಳನ್ನು ಹುಟ್ಟಿನಿಂದಲೇ ಕೊಟ್ಟಿದ್ದರು. ಆದುದರಿಂದ ಅದು ಯೂರೋಪಿನ ಸಂಗೀತಗಾರರಿಗೆ ಅಚ್ಚುಮೆಚ್ಚಾಯಿತು. ಅದು ಕಾಲವನ್ನು ಕಾಯುವುದರಲ್ಲಿ ಬಹಳ ನಿಷ್ಠೆಯ ಯಂತ್ರವೆಂದು ಬಳಸಿದವರು ಇಂದಿಗೂ ಹೊಗಳುತ್ತಾರೆ. ಆದರೆ ಅದು ಮನುಷ್ಯನ ಕಂಠವನ್ನು ಹಿಡಿಯಲಾರದು. ಏಕೆಂಬುದಕ್ಕೆ ಸ್ವಲ್ಪ ಲೆಕ್ಕ ಬೇಕು.

ಕಾಂಪ್ಯಾಕ್ಟ್ ಡಿಸ್ಕಿನ ಮಟ್ಟದಲ್ಲಿ ಧ್ವನಿಯನ್ನು ಅಂಕಿಗಳಾಗಿ ಬರೆಯಬೇಕಾದರೆ ಸೆಕೆಂಡಿಗೆ 44,100 ಸಲ ಅದನ್ನು ಅಳೆಯಬೇಕು. ಪ್ರತಿ ಅಳತೆಗೂ 2 ಬೈಟು. ಅಂದರೆ ಒಂದು ಟ್ರ್ಯಾಕಿಗೆ ಸೆಕೆಂಡಿಗೆ 88,200 ಬೈಟು. ಅಟಾರಿ 520ರ ಇಡೀ ಸ್ಮರಣೆ 512 ಕಿಲೋಬೈಟು. ಅಷ್ಟನ್ನೂ ಧಾರೆಯೆರೆದರೂ ಆರು ಸೆಕೆಂಡಿನ ಆಲಾಪನೆ ತುಂಬುವುದಿಲ್ಲ. ಎಂಟು ಟ್ರ್ಯಾಕಿನ ಐದು ನಿಮಿಷದ ಹಾಡಿಗೆ 21 ಕೋಟಿಗೂ ಮೀರಿದ ಬೈಟುಗಳು ಬೇಕು. ಇದನ್ನು ಹಾರ್ಡ್ ಡಿಸ್ಕಿನಲ್ಲಿಯೇ ಇಡಬೇಕು. ಅದೂ ಒಂದು ಕ್ಷಣವೂ ತಡೆಯಿಲ್ಲದೆ. 1990ರ ಸುಮಾರಿನ ಹಲವು ಡಿಸ್ಕುಗಳು ಬಿಸಿಯೇರಿದಂತೆ ತಮ್ಮ ಅಳತೆಗಳನ್ನು ಸರಿಪಡಿಸಿಕೊಳ್ಳಲು ನಡುನಡುವೆ ನಿಂತುಬಿಡುತ್ತಿದ್ದವು. ಪತ್ರ ಬರೆಯುವವನಿಗೆ ಆ ಕ್ಷಣದ ವಿರಾಮ ಗೊತ್ತೇ ಆಗುವುದಿಲ್ಲ. ಹಾಡನ್ನು ಬರೆಸಿಕೊಳ್ಳುವವನಿಗೆ ಮಾತ್ರ ಒಂದು ಸ್ವರವೇ ಮಾಯವಾಗುತ್ತಿತ್ತು. ಇದಕ್ಕಾಗಿಯೇ ನಿಲ್ಲದೆ ದುಡಿಯುವ ವಿಶೇಷ ಡಿಸ್ಕುಗಳನ್ನು ಮಾರಾಟಕ್ಕೆ ತರಬೇಕಾಯಿತು.

ಅಮೆರಿಕದ ಡಿಜಿಡಿಸೈನ್ ಕಂಪೆನಿಯು 1991ರಲ್ಲಿ ಮ್ಯಾಕಿಂಟಾಷ್ ಗಣಕಕ್ಕೆಂದು ‘ಪ್ರೊ ಟೂಲ್ಸ್’ ವ್ಯವಸ್ಥೆಯನ್ನು ತಂದಾಗ, ನಾಲ್ಕು ಟ್ರ್ಯಾಕುಗಳಿಗೆ ಅದರ ಬೆಲೆ ಸುಮಾರು 6,000 ಡಾಲರು. ಗಣಕದ ಸ್ವಂತ ಸಂಸ್ಕಾರಕಕ್ಕೆ ಆ ಭಾರವನ್ನು ಹೊರುವ ಶಕ್ತಿಯಿರಲಿಲ್ಲವಾದ್ದರಿಂದ, ಧ್ವನಿಯ ಗಣಿತಕ್ಕೆಂದೇ ಬೇರೆ ಕಾರ್ಡುಗಳನ್ನು ಒಳಗೆ ಕೂರಿಸಬೇಕಾಗಿತ್ತು. ಮರುವರ್ಷ ಮಾರುಕಟ್ಟೆಗೆ ಬಂದ ಅಲೆಸಿಸ್ ಕಂಪೆನಿಯ ‘ಎಡ್ಯಾಟ್’ ಎಂಬ ಯಂತ್ರವು ವೀಡಿಯೋ ಸುರುಳಿಯ ಮೇಲೆ ಎಂಟು ಟ್ರ್ಯಾಕುಗಳನ್ನು ಅಂಕಿಗಳಲ್ಲಿ ಬರೆಯುತ್ತಿತ್ತು. ಅದರ ಬೆಲೆ 4,000 ಡಾಲರಿಗೂ ತುಸು ಕಡಿಮೆ. ಆ ದಿನಗಳಲ್ಲಿ ವಿವೇಕಿಗಳು ಗಣಕಕ್ಕಿಂತ ಸುರುಳಿಯನ್ನೇ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ತಕ್ಕಡಿ ಗಣಕದ ಕಡೆಗೆ ವಾಲಿದ್ದು 1996ರಲ್ಲಿ. ಜರ್ಮನಿಯ ಸ್ಟೈನ್‌ಬರ್ಗ್ ಕಂಪೆನಿಯ ‘ಕ್ಯೂಬೇಸ್ ವಿಎಸ್‌ಟಿ’ ಎಂಬ ತಂತ್ರಾಂಶವು ವಿಶೇಷ ಕಾರ್ಡಿನ ಹಂಗಿಲ್ಲದೆ, ಪವರ್ ಮ್ಯಾಕಿಂಟಾಷಿನ ಸ್ವಂತ ಸಂಸ್ಕಾರಕದಿಂದಲೇ ದನಿಗಳನ್ನು ಬೆರೆಸುವ ಕೆಲಸವನ್ನು ಮಾಡಿಸಿತು. 1997ರಲ್ಲಿ ಅದೇ ಕಂಪೆನಿ ‘ಏಸಿಯೊ’ ಎಂಬ ಪದ್ಧತಿಯನ್ನು ಪ್ರಕಟಿಸಿತು. ಸಂಗೀತದ ತಂತ್ರಾಂಶಕ್ಕೂ ಸೌಂಡ್ ಕಾರ್ಡಿಗೂ ನಡುವೆ ಇದ್ದ ಹಲವು ಮಧ್ಯವರ್ತಿಗಳನ್ನು ದಾಟಿಸುವ ನೇರ ದಾರಿ ಅದು. ಏಕೆ ಬೇಕಾಯಿತೆಂದರೆ, ಗಣಕವು ಧ್ವನಿಯನ್ನು ಹನಿಹನಿಯಾಗಿ ಸಾಗಿಸುವುದಿಲ್ಲ. ಕೊಡಗಳಲ್ಲಿ ತುಂಬಿ ಸಾಗಿಸುತ್ತದೆ. ಒಂದು ಕೊಡಕ್ಕೆ 1,024 ಅಳತೆಗಳಾದರೆ ಅದು ತುಂಬಲು ಸೆಕೆಂಡಿನ ಸಾವಿರದಲ್ಲಿ 23 ಪಾಲು ಹಿಡಿಯುತ್ತದೆ. ಗಾಳಿಯಲ್ಲಿ ಶಬ್ದವು ಅಷ್ಟು ಹೊತ್ತಿನಲ್ಲಿ ಸುಮಾರು 8 ಮೀಟರು ಹೋಗಬಲ್ಲದು. ಒಳಹೋಗುವಾಗ ಒಂದು ಕೊಡ, ಹೊರಬರುವಾಗ ಒಂದು ಕೊಡ. ಗಾಯಕನಿಗೆ ತನ್ನ ದನಿಯೇ 16 ಮೀಟರು ದೂರದಿಂದ ಬಂದಂತಾಗುತ್ತದೆ. ಕೊಡವನ್ನು ಚಿಕ್ಕದು ಮಾಡಿದರೆ ತಡ ಕಡಿಮೆಯಾಗುತ್ತದೆ, ಆದರೆ ಹಳೆಯ ಸಂಸ್ಕಾರಕವು ಅಷ್ಟು ಬೇಗ ಬೇಗ ಕೊಡಗಳನ್ನು ಹೊರಲಾರದೆ ಮುಗ್ಗರಿಸುತ್ತದೆ. ನಮಗೆ ಕೇಳಿಸುವುದು ಪಟಪಟನೆಂಬ ಸದ್ದು. 1957ರಲ್ಲಿ ಎರಡು ಹೆಡ್ಡುಗಳ ನಡುವೆ ಇದ್ದ ಆ ಒಂದೂವರೆ ಅಂಗುಲವೇ ನಲವತ್ತು ವರ್ಷಗಳ ಮೇಲೆ ವೇಷ ಮರೆಸಿಕೊಂಡು ಮರಳಿ ಬಂದಿತ್ತು.

ಈಗ ನಮ್ಮ ತರುಣನ ಪ್ರಶ್ನೆಗೆ ಬರೋಣ. ಮೊದಲನೆಯದಾಗಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಇಂದಿನ ಸಾಧಾರಣ ಲ್ಯಾಪ್‌ಟಾಪ್ ಕೂಡ ಆ ಎರಡು ಯಂತ್ರಗಳನ್ನೂ ವೇಗದಲ್ಲಿ ಬಹು ದೂರ ಹಿಂದಿಕ್ಕುತ್ತದೆ. ಹಳೆಯದನ್ನು ಕೊಳ್ಳುವುದಕ್ಕೆ ಇರುವ ಸಮರ್ಥನೆ ಎಂದರೆ, ಯಂತ್ರ, ಕಾರ್ಡು, ತಂತ್ರಾಂಶ ಮೂರೂ ಪರಸ್ಪರ ಒಗ್ಗಿಕೊಂಡು ಒಂದು ಸಂಸಾರವಾಗಿ ಬರುತ್ತವೆಂಬುದು. ಆದುದರಿಂದ ಹಳೆಯ ಯಂತ್ರವನ್ನು ಬಿಡಿಯಾಗಿ ಬೆಲೆಕಟ್ಟಬಾರದು. ಅದರ ಸೌಂಡ್ ಕಾರ್ಡು ಯಾವುದು, ಆ ಕಾರ್ಡನ್ನು ನಡೆಸುವ ತಂತ್ರಾಂಶ ಜೊತೆಯಲ್ಲಿದೆಯೇ, ಕಳ್ಳನಕಲಿನಿಂದ ಕಾಪಾಡಲೆಂದು ಯಂತ್ರದ ಹಿಂದೆ ಸಿಕ್ಕಿಸುತ್ತಿದ್ದ ಡಾಂಗಲ್ ಕಳೆದಿಲ್ಲವಷ್ಟೆ, ಧ್ವನಿಗೆಂದೇ ಬೇರೊಂದು ಡಿಸ್ಕು ಇದೆಯೇ ಎಂದು ವಿಚಾರಿಸಬೇಕು. ಹಾಡುವವನ ದನಿಯನ್ನು ಗಣಕದ ಒಳಗೆ ಸುತ್ತಿಸದೆ ನೇರವಾಗಿ ಅವನ ಕಿವಿಗೆ ಕೊಡುವ ಕಾರ್ಡು ಇದ್ದರೆ, ಮೇಲೆ ಹೇಳಿದ ತಡದ ತೊಂದರೆ ಮುಕ್ಕಾಲು ಪಾಲು ಕಳೆಯಿತು.

ಎರಡನೆಯದು ಯಂತ್ರದ ಆರೋಗ್ಯ. ಹಳೆಯ ಮ್ಯಾಕಿಂಟಾಷಿನೊಳಗೆ ಗಡಿಯಾರಕ್ಕೆಂದು ಒಂದು ಸಣ್ಣ ಲಿಥಿಯಂ ಬ್ಯಾಟರಿ ಇರುತ್ತದೆ. ವರ್ಷಾಂತರದಲ್ಲಿ ಅದು ಸೋರಿ ಹಲಗೆಯನ್ನು ತಿನ್ನಬಹುದು. 1999ರಿಂದ ಮುಂದಿನ ಕೆಲವು ವರ್ಷಗಳಲ್ಲಿ ತಯಾರಾದ ಅನೇಕ ಗಣಕಗಳಲ್ಲಿ ಕೆಪಾಸಿಟರುಗಳು ಉಬ್ಬಿ ಒಡೆದದ್ದು ಪ್ರಸಿದ್ಧವಾದ ಸಂಗತಿ. ಆದಕಾರಣ ಮುಚ್ಚಳವನ್ನು ತೆಗೆದು ನೋಡದೆ ಹಣ ಕೊಡಬಾರದು. ಫ್ಯಾನಿನ ಸದ್ದನ್ನೂ ಕಿವಿಗೊಟ್ಟು ಕೇಳಬೇಕು. ಮೈಕಿಗೆ ತಂಬೂರಿಯ ಶ್ರುತಿ ಎಷ್ಟು ಇಷ್ಟವೋ ಫ್ಯಾನಿನ ಶ್ರುತಿಯೂ ಅಷ್ಟೇ ಇಷ್ಟ.

ಈ ದೃಷ್ಟಿಯಿಂದ ನೋಡಿದರೆ ಪೆಂಟಿಯಂ ಯಂತ್ರಕ್ಕೆ ಒಂದು ಅನುಕೂಲವಿತ್ತು. ಅದರ ಬಿಡಿಭಾಗಗಳು ಸುಲಭವಾಗಿ ದೊರೆಯುತ್ತಿದ್ದವು, ರಿಪೇರಿ ಬಲ್ಲವರೂ ಹೆಚ್ಚಾಗಿದ್ದರು. ಅದರ ಕುಂದೆಂದರೆ, ವಿಂಡೋಸ್ 98ರಲ್ಲಿ ಎರಡು ಕಾರ್ಡುಗಳು ಸಂಸ್ಕಾರಕವನ್ನು ಎಚ್ಚರಿಸುವ ಒಂದೇ ಗಂಟೆಯನ್ನು ಹಂಚಿಕೊಂಡರೆ ಜಗಳವಾಗಿ ಧ್ವನಿ ತುಂಡಾಗುತ್ತಿತ್ತು. ನೀಲಿ ಬಿಳಿ ಮ್ಯಾಕಿಂಟಾಷಿನಲ್ಲಿ ಆ ಜಗಳ ಕಡಿಮೆ. ಹೊರಗಿನ ಡಿಸ್ಕುಗಳಿಗೆ ಫೈರ್‌ವೈರ್ ಎಂಬ ವೇಗದ ದಾರಿಯೂ ಅದರಲ್ಲಿತ್ತು. ಆದರೆ ಮಿಡಿ ಉಪಕರಣಗಳನ್ನು ಕೂಡಿಸುತ್ತಿದ್ದ ಹಳೆಯ ಸೀರಿಯಲ್ ತೂತುಗಳನ್ನು ಆ ಮಾದರಿಯಿಂದಲೇ ತೆಗೆದುಹಾಕಿದ್ದರು. ಹೊಸ ಹಾಡುಗಳನ್ನು ಹಾಡಿಡುವುದಷ್ಟೇ ಉದ್ದೇಶವಾದರೆ ಪೆಂಟಿಯಂ ಯಂತ್ರವೇ ಸಾಕು, ಅದನ್ನೇ ತೆಗೆದುಕೋ ಎಂದೆ.

ಆಗ ಅವನು ಇಷ್ಟು ಹೊತ್ತು ಹೇಳದಿದ್ದ ಮಾತನ್ನು ಹೇಳಿದ. ಅವನ ಗುರುಗಳು, ಈಗ ದಿವಂಗತರು, 2001ರ ಸುಮಾರಿನಲ್ಲಿ ಅದೇ ಧ್ವನಿಮುದ್ರಣಾಲಯದಲ್ಲಿ ಆರು ಭಾವಗೀತೆಗಳನ್ನು ಹಾಡಿದ್ದರು. ಧ್ವನಿಸುರುಳಿ ಹೊರಬರಲಿಲ್ಲ, ಆ ಟ್ರ್ಯಾಕುಗಳು ಇನ್ನೂ ಮ್ಯಾಕಿಂಟಾಷಿನ ಡಿಸ್ಕಿನಲ್ಲಿವೆ ಎಂದು ಅಂಗಡಿಯವರು ಹೇಳಿದ್ದರು. “ಡಿಸ್ಕನ್ನು ಬಿಚ್ಚಿ ಪೆಂಟಿಯಮ್ಮಿಗೆ ಹಾಕಿದರಾಗದೇ?” ಎಂದು ಕೇಳಿದ.

ಆಗುವುದಿಲ್ಲ. ನಮ್ಮ ಎರಡನೆಯ ಪರೀಕ್ಷೆಯ ತಿರುಳು ಇಲ್ಲಿದೆ. ಮ್ಯಾಕಿಂಟಾಷಿನ ಡಿಸ್ಕಿನ ಬರವಣಿಗೆಯನ್ನು ವಿಂಡೋಸ್ ತಾನಾಗಿ ಓದಲಾರದು. ಅದಕ್ಕಿಂತ ಮುಖ್ಯವಾಗಿ, ಆ ಹಾಡುಗಳು ‘ಸೌಂಡ್ ಡಿಸೈನರ್ 2’ ಎಂಬ ರೂಪದ ಕಡತಗಳಲ್ಲಿದ್ದವು. ಹಳೆಯ ಮ್ಯಾಕಿಂಟಾಷಿನ ಕಡತಕ್ಕೆ ಎರಡು ಕವಲುಗಳು. ಒಂದರಲ್ಲಿ ಧ್ವನಿಯ ಅಂಕಿಗಳು. ಇನ್ನೊಂದರಲ್ಲಿ ಆ ಅಂಕಿಗಳನ್ನು ಸೆಕೆಂಡಿಗೆ ಎಷ್ಟರಂತೆ ಓದಬೇಕು ಎಂಬ ವಿವರ. ಬೇರೆ ಜಾತಿಯ ಯಂತ್ರಕ್ಕೆ ಹಾಗೆಯೇ ನಕಲು ಮಾಡಿದರೆ ಎರಡನೆಯ ಕವಲು ದಾರಿಯಲ್ಲಿ ಉದುರಿಹೋಗುತ್ತದೆ. ಉಳಿಯುವುದು ತಾಳಲಯಗಳ ವಿಳಾಸವಿಲ್ಲದ ಅಂಕಿಗಳ ರಾಶಿ. ಆದುದರಿಂದ ಹಾಡುಗಳು ಆ ಯಂತ್ರದಲ್ಲಿದ್ದಾಗಲೇ, ಹುಟ್ಟಿದ ಮನೆಯಲ್ಲಿಯೇ, ಅವನ್ನು ಎಲ್ಲ ಗಣಕಗಳೂ ಓದಬಲ್ಲ ರೂಪಕ್ಕೆ ತರಬೇಕು. 1988ರ ‘ಎಐಎಫ್‌ಎಫ್’, 1991ರ ‘ವೇವ್’ ಅಂಥ ರೂಪಗಳು. ಇನ್ನೊಂದು ಎಚ್ಚರವೂ ಬೇಕು. ತಬಲ ಹತ್ತನೆಯ ಸೆಕೆಂಡಿನಲ್ಲಿ ಆರಂಭವಾದರೆ ಅದರ ಕಡತ ಹತ್ತು ಸೆಕೆಂಡು ಗಿಡ್ಡವಾಗಿರುತ್ತದೆ. ಎಲ್ಲಿ ಸೇರಬೇಕೆಂಬುದು ತಂತ್ರಾಂಶಕ್ಕೆ ಮಾತ್ರ ಗೊತ್ತು. ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಕ್ಷಣದಿಂದ ಕೊನೆಯವರೆಗೆ, ನಡುವಣ ಮೌನವನ್ನೂ ಸೇರಿಸಿ, ಸಮನಾದ ಉದ್ದಕ್ಕೆ ಬರೆಸಿಟ್ಟರೆ, ಇನ್ನೈವತ್ತು ವರ್ಷದ ಮೇಲೆ ಯಾವ ಯಂತ್ರದಲ್ಲಿಟ್ಟರೂ ಅವು ತಾವಾಗಿ ಹೊಂದಿಕೊಳ್ಳುತ್ತವೆ.

ಅವನು ಮ್ಯಾಕಿಂಟಾಷನ್ನೇ ತಂದ. ಮೊದಲು ಬ್ಯಾಟರಿಯನ್ನು ಬದಲಿಸಿದೆವು. ಡಿಸ್ಕು ಮುಲುಗುತ್ತ ತಿರುಗಿತು. ಆರು ಹಾಡುಗಳಲ್ಲಿ ಐದು ಸಿಕ್ಕಿದವು; ಆರನೆಯದರ ಕೆಲವು ಟ್ರ್ಯಾಕುಗಳನ್ನು ಡಿಸ್ಕು ಹಿಂದಿರುಗಿಸಲಿಲ್ಲ. ಸಿಕ್ಕಿದ್ದನ್ನೆಲ್ಲ ಮೇಲೆ ಹೇಳಿದ ಕ್ರಮದಲ್ಲಿ ಬರೆಸಿ ಎರಡು ಬೇರೆ ಕಡೆಗಳಲ್ಲಿ ಇಟ್ಟೆವು. ಗುರುಗಳ ಕಂಠದ ಟ್ರ್ಯಾಕನ್ನು ಒಂಟಿಯಾಗಿ ಕೇಳುತ್ತಿದ್ದಾಗ, ಎರಡನೆಯ ಚರಣಕ್ಕೆ ಮೊದಲು, ವಾದ್ಯಗಳು ನುಡಿಯಬೇಕಾದ ಬಿಡುವಿನಲ್ಲಿ, ಅವರು ಮೆಲ್ಲನೆ ಯಾರನ್ನೋ ಕೇಳುವುದು ಕಿವಿಗೆ ಬಿದ್ದಿತು: “ಶ್ರುತಿ ಸರಿಹೋಯಿತೇನಪ್ಪಾ?” ಹಾಡುಗಳನ್ನು ಬೆರೆಸಿ ಸುರುಳಿ ಮಾಡಿದ್ದರೆ ಈ ಮಾತನ್ನು ಅಳಿಸಿಬಿಡುತ್ತಿದ್ದರು. ಆ ದಿನ ತಂಬೂರಿಗೆ ಕುಳಿತಿದ್ದ ಹುಡುಗ ತಾನೇ ಎಂದು ಶಿಷ್ಯ ಹೇಳಿದ. ಬಹಳ ಹೊತ್ತು ನಾವಿಬ್ಬರೂ ಮತ್ತೇನೂ ಮಾತನಾಡಲಿಲ್ಲ.

ನಿಮ್ಮ ಪರಿಚಯದವರ ಮನೆಗಳಲ್ಲಿಯೂ ಇಂಥ ಯಂತ್ರಗಳು ಅಟ್ಟದ ಮೇಲೆ ಧೂಳು ಹಿಡಿದಿರಬಹುದು. ಹಳೆಯದರಲ್ಲಿ ಯಾವುದನ್ನು ಆರಿಸಬೇಕೆಂದು ಅವರು ಕೇಳಿದರೆ, ವೇಗದ ಅಂಕಿಗಳನ್ನು ಆಮೇಲೆ ನೋಡಿ ಎನ್ನಿ. ತಾಳ ತಪ್ಪದೆ ಬರೆದುಕೊಳ್ಳುವ ಯಂತ್ರವೇ, ಬರೆದುಕೊಂಡದ್ದನ್ನು ಹಿಂದಿರುಗಿಸುವ ಯಂತ್ರವೇ ಎಂದು ಮೊದಲು ನೋಡಲಿ. ಯಾರದಾದರೂ ದನಿ ಅದರೊಳಗೆ ಈಗಾಗಲೇ ಇದ್ದರೆ, ಆಯ್ಕೆಯ ಮಾತನ್ನು ಬದಿಗಿಟ್ಟು ಅದನ್ನು ಹೊರಗೆ ತರುವ ಕೆಲಸಕ್ಕೆ ಈ ವರ್ಷವೇ ಕೈಹಚ್ಚಲಿ. ಡಿಸ್ಕುಗಳು ನಮಗಾಗಿ ಕಾಯುವುದಿಲ್ಲ.